ಕಾಯಿಲೆಯಲ್ಲಿರುವವರೊಂದಿಗೆ ಕಾರಿನಲ್ಲಿ ಬಂಧುಗಳ ಸಮಾಗಮಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೀರ್ಘಕಾಲದ ಕಾಯಿಲೆಯಲ್ಲಿರುವ ಒಬ್ಬರನ್ನು ಕಾರಿನಲ್ಲಿ ಕರೆದುಕೊಂಡು, ಬಂಧುಗಳೆಲ್ಲ ಸೇರುವ ಕಡೆಗೆ ಹೋಗಬೇಕೆಂದಿರುವವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ನಾನು ವೈದ್ಯನಲ್ಲ, ತಂದೆಯವರ ಕಾಯಿಲೆಯ ವರ್ಷಗಳಲ್ಲಿ ಅವರೊಂದಿಗೆ ಇಂಥ ಪ್ರಯಾಣಗಳನ್ನು ಮಾಡಿದವನು. ಔಷಧಿ ಮತ್ತು ಅದರ ಪ್ರಮಾಣದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ಉತ್ತರಗಳೆಲ್ಲದರ ಹಿಂದೆ ಒಂದೇ ಎಣಿಕೆಯಿದೆ: ಪ್ರಯಾಣದ ಉದ್ದವನ್ನೂ ಸಮಾಗಮದ ಹೊತ್ತನ್ನೂ ಕಾಯಿಲೆಯಲ್ಲಿರುವವರ ದಿನದ ಒಳ್ಳೆಯ ಗಂಟೆಗಳಿಂದ ಅಳೆಯಬೇಕು.

## ಹೊರಡುವ ನಿರ್ಧಾರ

ಇಷ್ಟು ಕಾಯಿಲೆ ಇರುವಾಗ ಪ್ರಯಾಣ ಬೇಕೇ? ಮನೆಯಲ್ಲೇ ಇದ್ದರೆ ಆಗುವುದಿಲ್ಲವೇ?

ಇದನ್ನು ಮೊದಲು ಕೇಳಬೇಕಾದುದು ಕಾಯಿಲೆಯಲ್ಲಿರುವವರನ್ನೇ, ಅದೂ ಬೇರೆ ಯಾರೂ ಎದುರಿಗಿಲ್ಲದ ಹೊತ್ತಿನಲ್ಲಿ. ಮಕ್ಕಳ ಮನಸ್ಸು ನೋಯಬಾರದೆಂದು ಹೂಂ ಎನ್ನುವವರಿದ್ದಾರೆ, ಹೊರೆಯಾಗಬಾರದೆಂದು ಬೇಡ ಎನ್ನುವವರೂ ಇದ್ದಾರೆ. "ಹೋಗೋಣವೇ" ಎಂದು ಕೇಳುವ ಬದಲು "ಯಾರನ್ನು ನೋಡಬೇಕೆನಿಸುತ್ತದೆ" ಎಂದು ಕೇಳಿದರೆ ನಿಜವಾದ ಉತ್ತರ ಬರುವ ಸಂಭವ ಹೆಚ್ಚು. ಆ ಉತ್ತರ ಇಬ್ಬರ ಹೆಸರಿನಲ್ಲೇ ಮುಗಿದರೆ ಆ ಇಬ್ಬರನ್ನು ಮನೆಗೆ ಕರೆಸುವುದೇ ಒಳ್ಳೆಯದು. ಹೊಸದಾಗಿ ಬಂದ ಜ್ವರ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಉಬ್ಬಸ, ಹತೋಟಿಗೆ ಬಾರದ ನೋವು ಅಥವಾ ವಾಂತಿ, ಹಿಂದಿನ ಕೆಲವೇ ದಿನಗಳಲ್ಲಿ ಬದಲಾದ ಮುಖ್ಯ ಔಷಧಿ, ಇವುಗಳಲ್ಲಿ ಯಾವುದಿದ್ದರೂ ದಿನಾಂಕವನ್ನು ಮುಂದೂಡಿ.

ವೈದ್ಯರನ್ನು ಕೇಳಿದರೆ "ಹುಷಾರಾಗಿ ಹೋಗಿ ಬನ್ನಿ" ಎನ್ನುತ್ತಾರೆ, ಅಷ್ಟೇ. ಅವರನ್ನು ಏನೆಂದು ಕೇಳಬೇಕು?

ದಾರಿಯ ವಿವರವಿಲ್ಲದೆ ಕೇಳಿದರೆ ಅವರೂ ಅಷ್ಟೇ ಹೇಳಬಲ್ಲರು. ದಿನಕ್ಕೆ ಎಷ್ಟು ಗಂಟೆ ಕುಳಿತಿರಬೇಕು, ದಾರಿಯಲ್ಲಿ ಎತ್ತರದ ಪ್ರದೇಶವಿದೆಯೇ, ಎಷ್ಟು ದಿನ ಹೊರಗಿರುತ್ತೀರಿ ಎಂಬುದನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಯಾವ ಲಕ್ಷಣ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು? ಯಾವ ಔಷಧಿಯನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ, ಯಾವುದು ಎರಡು ಗಂಟೆ ತಡವಾದರೂ ನಡೆಯುತ್ತದೆ? ನೋವು ಏಕಾಏಕಿ ಹೆಚ್ಚಿದರೆ ಕೊಡಬಹುದಾದ ಹೆಚ್ಚುವರಿ ಪ್ರಮಾಣ ಎಷ್ಟು? ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ ಎದ್ದು ಬರಬೇಡಿ. ಜೊತೆಗೆ ಒಂದೇ ಪುಟದ ಪತ್ರವನ್ನು ಬರೆಸಿಕೊಳ್ಳಿ: ಕಾಯಿಲೆಯ ಹೆಸರು ಮತ್ತು ಹಂತ, ಔಷಧಿಗಳ ರಾಸಾಯನಿಕ ಹೆಸರು ಮತ್ತು ಪ್ರಮಾಣ, ಅಲರ್ಜಿಗಳು, ಇತ್ತೀಚಿನ ಪರೀಕ್ಷಾ ಫಲಿತಾಂಶ, ದೇಹದೊಳಗೆ ಪೇಸ್‌ಮೇಕರ್ ಅಥವಾ ಪೋರ್ಟ್ (ರಕ್ತನಾಳಕ್ಕೆ ಔಷಧಿ ಹಾಕಲು ಚರ್ಮದ ಕೆಳಗೆ ಇಟ್ಟ ಸಣ್ಣ ಸಾಧನ) ಇದ್ದರೆ ಅದರ ವಿವರ. ಅಪರಿಚಿತ ಆಸ್ಪತ್ರೆಯ ತುರ್ತು ಘಟಕದಲ್ಲಿ ದಪ್ಪನೆಯ ಕಡತವನ್ನು ತಿರುವಿಹಾಕಲು ಯಾರಿಗೂ ಪುರುಸೊತ್ತಿರುವುದಿಲ್ಲ. ಒಂದು ಪುಟವನ್ನು ಓದುತ್ತಾರೆ.

ದಿನಕ್ಕೆ ಎಷ್ಟು ದೂರ ಹೋಗಬಹುದು?

ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊರಡುವ ಮುನ್ನ ಒಂದು ವಾರ, ಅವರು ಯಾವ ಹೊತ್ತಿನಲ್ಲಿ ಆಯಾಸವಿಲ್ಲದೆ ಕುಳಿತು ಮಾತನಾಡುತ್ತಾರೆ, ಯಾವಾಗ ಮಲಗಬಯಸುತ್ತಾರೆ ಎಂಬುದನ್ನು ಬರೆದಿಡಿ. ಬೆಳಿಗ್ಗೆ 9ರಿಂದ 1ರವರೆಗೆ ಚೆನ್ನಾಗಿರುವವರಿಗೆ ದಿನದ ಪ್ರಯಾಣ ನಾಲ್ಕು ಗಂಟೆ, ನಿಲ್ಲಿಸುವ ಸಮಯವೂ ಅದರೊಳಗೇ. ನಕ್ಷೆ ತೋರಿಸುವ ಅವಧಿಗೆ ಅದರ ಅರ್ಧದಷ್ಟನ್ನು ಕೂಡಿಸಿಕೊಂಡರೆ ನಮ್ಮ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತಿತ್ತು. ಮೊದಲ ಬಾರಿ ಹೋಗುವವರು ಒಂದು ವಾರ ಮುಂಚೆಯೇ ಅದೇ ಕಾರಿನಲ್ಲಿ, ಅದೇ ಸೀಟಿನಲ್ಲಿ ಒಂದು ಗಂಟೆ ಸುತ್ತಾಡಿ ಬಂದರೆ ಎಲ್ಲಿ ಒತ್ತುತ್ತದೆ, ಯಾವ ತಿರುವಿನಲ್ಲಿ ವಾಕರಿಕೆ ಬರುತ್ತದೆ ಎಂಬುದು ಮನೆಯ ಹತ್ತಿರವೇ ಗೊತ್ತಾಗುತ್ತದೆ. ತಲುಪಿದ ದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

## ಔಷಧಿ, ಕಾರು, ದಾರಿ

ಔಷಧಿಗಳನ್ನು ಹೇಗೆ ಕಟ್ಟಿಕೊಳ್ಳಬೇಕು?

ಬೇಕಾದುದಕ್ಕಿಂತ ಕನಿಷ್ಠ ಒಂದು ವಾರದಷ್ಟು ಹೆಚ್ಚು ತೆಗೆದುಕೊಂಡು, ಎರಡು ಚೀಲಗಳಲ್ಲಿ ಹಂಚಿ, ಎರಡನ್ನೂ ಇಬ್ಬರ ಕೈಯಲ್ಲಿ ಇರಿಸಿ, ಡಿಕ್ಕಿಯಲ್ಲಿ ಇಡಬೇಡಿ. ದಿನದ ಡಬ್ಬಿಗೆ ತುಂಬಿಸಿಕೊಂಡರೂ ಮೂಲ ಪೊಟ್ಟಣ ಮತ್ತು ಚೀಟಿ ಜೊತೆಗಿರಲಿ, ಏಕೆಂದರೆ ಊರು ಬದಲಾದರೆ ಅಂಗಡಿಯಲ್ಲಿ ಸಿಗುವ ಕಂಪನಿ ಹೆಸರೂ ಬದಲಾಗುತ್ತದೆ. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆ ಶಾಖಕ್ಕೂ ಬೆಳಕಿಗೂ ಸತ್ವ ಕಳೆದುಕೊಳ್ಳುವುದರಿಂದ ಅದು ಬಂದ ಗಾಜಿನ ಶೀಶೆಯಲ್ಲೇ ಇರಬೇಕು. ಮಾರ್ಫಿನ್‌ನಂಥ ಔಷಧಿಯೊಂದಿಗೆ ದೇಶದ ಗಡಿ ದಾಟುವುದಾದರೆ ವೈದ್ಯರ ಪತ್ರವಲ್ಲದೆ ಮುಂಚಿತ ಅನುಮತಿಯೂ ಬೇಕಾಗಬಹುದು. ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಇನ್ಸುಲಿನ್ ಕಾರಿನ ಬಿಸಿಗೆ ಕೆಡುವುದಿಲ್ಲವೇ?

ಕೆಡುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಳಸಲು ತೆರೆದದ್ದು 25ರಿಂದ 30 ಡಿಗ್ರಿಯೊಳಗಿದ್ದರೆ ಹೆಚ್ಚಿನ ಬಗೆಗಳು ನಾಲ್ಕು ವಾರ ಬಾಳುತ್ತವೆ. ಹೊರಗೆ ಹಿತವಾದ ಹವೆ ಇದ್ದರೂ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಸುಮಾರು 20 ಡಿಗ್ರಿ ಏರುತ್ತದೆ, ಅದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಆದ್ದರಿಂದ ಊಟಕ್ಕೆ ಇಳಿದಾಗ ಔಷಧಿಯ ಚೀಲವೂ ಇಳಿಯಬೇಕು. ತಂಪು ಡಬ್ಬಿಯಲ್ಲಿ ಮಂಜುಗಡ್ಡೆಗೆ ನೇರವಾಗಿ ತಾಗಿಸಿಡುವುದು ಇನ್ನೊಂದು ತಪ್ಪು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಬಳಸಬಾರದು.

ಕಾರಿನಲ್ಲಿ ಅವರನ್ನು ಎಲ್ಲಿ ಕೂರಿಸಬೇಕು?

ವಾಕರಿಕೆ ಇರುವವರಿಗೆ ಮುಂದಿನ ಸೀಟು ಹಿತ, ಏಕೆಂದರೆ ಕಣ್ಣಿಗೆ ಕಾಣುವ ಚಲನೆ ಮತ್ತು ಒಳಕಿವಿಗೆ ತಿಳಿಯುವ ಚಲನೆ ಅಲ್ಲಿ ಹೊಂದಿಕೊಳ್ಳುತ್ತವೆ. ಎದೆಯ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆಗಿದ್ದರೆ, ಏರ್‌ಬ್ಯಾಗ್ ಹೊಡೆತದಿಂದ ದೂರವಿರುವ ಹಿಂದಿನ ಸೀಟು ಸರಿ. ಕಾಲರ್ ಮೂಳೆಯ ಕೆಳಗಿನ ಪೋರ್ಟ್ ಅಥವಾ ಪೇಸ್‌ಮೇಕರ್ ಮೇಲೆ ಬೆಲ್ಟು ಒತ್ತುತ್ತಿದ್ದರೆ ಅದನ್ನು ಕಂಕುಳ ಕೆಳಗೆ ಹಾಕಿಕೊಳ್ಳಬಾರದು; ಕಾರಿನ ಇನ್ನೊಂದು ಬದಿಗೆ ಕೂರಿಸಿದರೆ ಬೆಲ್ಟು ಇನ್ನೊಂದು ಭುಜದ ಮೇಲೆ ಬರುತ್ತದೆ. ಇಷ್ಟು ಸಣ್ಣ ಉಪಾಯ ನಮಗೆ ಎರಡನೆಯ ಪ್ರಯಾಣದವರೆಗೂ ಹೊಳೆದಿರಲಿಲ್ಲ. ನೋವಿಗೆ ಫೆಂಟನಿಲ್ ಪಟ್ಟಿ ಅಂಟಿಸಿಕೊಂಡವರ ಮೇಲೆ ನೇರ ಬಿಸಿಲು, ಸೀಟಿನ ಹೀಟರ್, ಬಿಸಿನೀರಿನ ಚೀಲ ಯಾವುದೂ ತಾಗಬಾರದು. ಶಾಖಕ್ಕೆ ಔಷಧಿ ಚರ್ಮದೊಳಗೆ ವೇಗವಾಗಿ ಇಳಿದು ಉಸಿರಾಟವನ್ನೇ ಕುಗ್ಗಿಸಬಹುದು.

ಗಂಟೆಗಟ್ಟಲೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ನಾಲ್ಕು ಗಂಟೆಗೂ ಹೆಚ್ಚು ಕುಳಿತು ಮಾಡುವ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಆರೋಗ್ಯವಂತರಲ್ಲಿ ಅದು ಆಗಲೂ ಅತಿ ಸಣ್ಣ ಅಪಾಯವೇ. ಕ್ಯಾನ್ಸರ್ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು ಅದನ್ನು ಹಗುರವಾಗಿ ಕಾಣುವಂತಿಲ್ಲ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ, ನಡೆಯಲಾರದವರಿಗೆ ಕುಳಿತಲ್ಲೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳಿ. ಬಿಗಿ ಕಾಲುಚೀಲಗಳನ್ನು ವೈದ್ಯರನ್ನು ಕೇಳಿಯೇ ತೊಡಿಸಿ. ಕಾಲಿನ ಅಪಧಮನಿಗಳಲ್ಲಿ ರಕ್ತಸಂಚಾರ ಕಡಿಮೆಯಿರುವವರಿಗೆ ಅವು ಹಾನಿ ಮಾಡುತ್ತವೆ. ಒಂದೇ ಕಾಲು ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಅಮ್ಮ ಮೂತ್ರದ ಮಾತ್ರೆಯನ್ನೂ ನೀರನ್ನೂ ಬಿಟ್ಟುಬಿಡುತ್ತಾರೆ. ಏನು ಮಾಡಲಿ?

ಹೃದಯದ ತೊಂದರೆಗೆ ಕೊಟ್ಟ ಮಾತ್ರೆಯನ್ನು ಬಿಟ್ಟರೆ ಅದು ಹೊರಹಾಕಬೇಕಿದ್ದ ನೀರು ಶ್ವಾಸಕೋಶಕ್ಕೂ ಕಾಲಿಗೂ ಸೇರುತ್ತದೆ. ಮಾತ್ರೆಯನ್ನು ತಲುಪಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಹೊತ್ತು ಬದಲಿಸುವುದಕ್ಕೆ ಅನೇಕ ವೇಳೆ ಒಪ್ಪುತ್ತಾರೆ. ಅಮ್ಮನ ನಿಜವಾದ ಭಯ ಮುಜುಗರದ್ದು. ಮಡಚುವ ಕಮೋಡು, ಹೀರುವ ಪ್ಯಾಡು, ಬಾಗಿಲುಗಳ ನಡುವೆ ಮರೆಕಟ್ಟಲು ಎರಡು ದಪ್ಪ ಬಟ್ಟೆಗಳನ್ನು ಹೊರಡುವ ಮುನ್ನವೇ ಅವರಿಗೆ ತೋರಿಸಿದರೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ.

ಕಾಯಿಲೆ ನನಗೇ ಇದೆ. ನಾನೇ ಕಾರು ಓಡಿಸಬಹುದೇ?

ಮೂರ್ಛೆ ಬಂದವರಿಗೆ ಎಷ್ಟು ಕಾಲ ವಾಹನ ಓಡಿಸಬಾರದೆಂಬುದನ್ನು ಆಯಾ ದೇಶದ ಕಾನೂನೇ ಗೊತ್ತುಮಾಡುತ್ತದೆ. ಮಾರ್ಫಿನ್ ವರ್ಗದ ಔಷಧಿಯನ್ನು ಹೊಸದಾಗಿ ಆರಂಭಿಸಿದಾಗ ಅಥವಾ ಅದರ ಪ್ರಮಾಣ ಏರಿದಾಗ, ವಾಕರಿಕೆಗೆ ಮಂಪರು ತರುವ ಮಾತ್ರೆ ನುಂಗಿದಾಗ ಓಡಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುನ್ನ ಮತ್ತು ಎರಡು ಗಂಟೆಗೊಮ್ಮೆ ರಕ್ತದ ಸಕ್ಕರೆ ನೋಡಿಕೊಳ್ಳಬೇಕು. ಅದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ 15 ಗ್ರಾಂ ಸಕ್ಕರೆ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ನೋಡಿ. ಅಂಕಿ ಸರಿಯಾದ ಕೂಡಲೇ ಹೊರಡಬೇಡಿ, ಮುಕ್ಕಾಲು ಗಂಟೆ ಕಾಯಿರಿ, ಮಿದುಳು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

## ಕಾಯಿಲೆಗೆ ತಕ್ಕ ಸಿದ್ಧತೆ

ಅತ್ತೆಯವರಿಗೆ ಮೂರು ವಾರಕ್ಕೊಮ್ಮೆ ಕಿಮೊಥೆರಪಿ. ಯಾವ ವಾರ ಹೊರಡಬೇಕು?

ಹೆಚ್ಚಿನ ಔಷಧಿಗಳಲ್ಲಿ, ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ಚಿಕಿತ್ಸೆಯ ನಂತರ 7ರಿಂದ 14ನೆಯ ದಿನದ ನಡುವೆ ಅತ್ಯಂತ ಕೆಳಗಿಳಿದು ಮೂರನೆಯ ವಾರ ಏರತೊಡಗುತ್ತವೆ. ಮುಂದಿನ ಸುತ್ತಿಗೆ ಮುಂಚಿನ ಆ ವಾರವೇ ಸಾಮಾನ್ಯವಾಗಿ ಪ್ರಯಾಣಕ್ಕೆ ಒಳ್ಳೆಯದು. ಸಮಾಗಮದ ದಿನಾಂಕ ಇನ್ನೂ ಗೊತ್ತಾಗಿಲ್ಲದಿದ್ದರೆ ಇದನ್ನೇ ಮುಂದಿಟ್ಟು ಗೊತ್ತುಮಾಡಿ. ಥರ್ಮಾಮೀಟರ್ ಕೈಚೀಲದಲ್ಲಿರಲಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯಬಾರದು, ಸರಿರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು, ಕಿಮೊಥೆರಪಿಯಲ್ಲಿರುವವರೆಂದು ಬಾಗಿಲಲ್ಲೇ ಹೇಳಬೇಕು.

ವಾರಕ್ಕೆ ಮೂರು ಡಯಾಲಿಸಿಸ್ ಇರುವವರು ನಾಲ್ಕು ದಿನದ ಪ್ರಯಾಣ ಮಾಡಲಾದೀತೇ?

ಆಗುತ್ತದೆ, ತಲುಪುವ ಊರಿನ ಕೇಂದ್ರದಲ್ಲಿ ಮುಂಚಿತವಾಗಿ ಜಾಗ ಸಿಕ್ಕಿದರೆ ಮಾತ್ರ. ಆರೆಂಟು ವಾರ ಮೊದಲೇ ಕೇಳಿ. ಅವರು ಸಾಮಾನ್ಯವಾಗಿ ಬಯಸುವುದು ಈಚಿನ ಕೆಲವು ಡಯಾಲಿಸಿಸ್‌ಗಳ ದಾಖಲೆ, ಒಣ ತೂಕ (ಹೆಚ್ಚುವರಿ ನೀರೆಲ್ಲ ತೆಗೆದ ಮೇಲಿನ ತೂಕ), ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ವರದಿ, ಡಯಾಲಿಸಿಸ್‌ಗೆ ರಕ್ತ ತೆಗೆಯುವುದು ಫಿಸ್ಟುಲಾದಿಂದಲೋ (ತೋಳಿನಲ್ಲಿ ಜೋಡಿಸಿದ ರಕ್ತನಾಳ) ಕ್ಯಾಥೆಟರ್‌ನಿಂದಲೋ (ರಕ್ತನಾಳದೊಳಗೆ ಇಟ್ಟ ಕೊಳವೆ) ಎಂಬ ವಿವರ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ವಾರದಲ್ಲಿ ಎರಡು ದಿನಗಳ ದೊಡ್ಡ ಅಂತರ ಒಂದಿರುತ್ತದೆಯಲ್ಲ, ಅದರ ಕೊನೆಯಲ್ಲಿ ಪೊಟ್ಯಾಸಿಯಂ ಮತ್ತು ನೀರು ಎರಡೂ ಹೆಚ್ಚಿರುವುದರಿಂದ ಉದ್ದದ ದಾರಿಯನ್ನು ಆ ಹೊತ್ತಿಗೆ ಇಡಬೇಡಿ. ಬಂಧುಗಳೆಲ್ಲ ಸೇರುವ ದೊಡ್ಡ ಊಟ ಡಯಾಲಿಸಿಸ್‌ನ ಮರುದಿನಕ್ಕೆ ಬಂದರೆ ಉತ್ತಮ, ಏಕೆಂದರೆ ಆದ ದಿನ ಅನೇಕರಿಗೆ ಎದ್ದು ಕೂರಲೂ ಶಕ್ತಿಯಿರುವುದಿಲ್ಲ.

ಆಮ್ಲಜನಕದ ಯಂತ್ರವಿದ್ದರೆ?

ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂಬುದನ್ನು ಮನೆಯಲ್ಲೇ, ನಿಮಗೆ ಬರೆದುಕೊಟ್ಟ ಪ್ರಮಾಣದಲ್ಲೇ ಓಡಿಸಿ ನೋಡಿ. ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಬ್ಯಾಟರಿ ಜೊತೆಗಿರಲಿ. ಸಿಲಿಂಡರ್ ಆದರೆ ಉರುಳದಂತೆ ಬಿಗಿದು ಕಟ್ಟಿ, ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು, ಬೆಂಕಿ ಮತ್ತು ಸಿಗರೇಟನ್ನು ಕಾರಿನೊಳಗೆ ಸಂಪೂರ್ಣವಾಗಿ ನಿಷೇಧಿಸಿ. 2,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗ ಮಾತ್ರ. ಘಟ್ಟ ಹತ್ತುವ ದಾರಿಯ ಬದಲು ಸುತ್ತು ದಾರಿ ಹಿಡಿಯಬೇಕೇ ಎಂದು ಮೊದಲೇ ಕೇಳಿ.

ಅಜ್ಜಿಗೆ ಮರೆವಿನ ಕಾಯಿಲೆ. ಅಷ್ಟು ಜನರ ನಡುವೆ ಕರೆದೊಯ್ಯುವುದು ಸರಿಯೇ?

ಹೊಸ ಜಾಗ, ಸಂಜೆಯ ಹೊತ್ತು, ಗದ್ದಲ, ಈ ಮೂರೂ ಕೂಡಿದಾಗ ಗಲಿಬಿಲಿ ಹೆಚ್ಚುತ್ತದೆ. ಹಗಲಿನಲ್ಲಿ, ಒಂದು ಕೋಣೆಯಲ್ಲಿ, ಇಬ್ಬರು ಮೂವರಂತೆ ಭೇಟಿಯಾದರೆ ಅವರೂ ಸಂತೋಷಪಡುತ್ತಾರೆ. ಅವರ ಸ್ವಂತ ಹೊದಿಕೆ, ದಿಂಬು, ರಾತ್ರಿಯ ಸಣ್ಣ ದೀಪ ಜೊತೆಗೆ ಬರಲಿ. ಕಾರಿನ ಮಕ್ಕಳ ಲಾಕ್ ಹಾಕಿರಲಿ, ಹೆಸರು ಮತ್ತು ನಿಮ್ಮ ದೂರವಾಣಿ ಸಂಖ್ಯೆಯ ಚೀಟಿ ಅವರ ಬಟ್ಟೆಯಲ್ಲಿರಲಿ. ಬಂಧುಗಳಿಗೆ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಿ: "ನಾನು ಯಾರು ಹೇಳಿ ನೋಡೋಣ" ಎಂದು ಯಾರೂ ಕೇಳಬಾರದು. ಪ್ರೀತಿಯಿಂದ ಕೇಳಿದರೂ ಅದು ಪರೀಕ್ಷೆಯೇ, ಸೋತ ಮುಖ ಅಜ್ಜಿಯದು. "ಅಜ್ಜಿ, ನಾನು ನಿಮ್ಮ ದೊಡ್ಡ ಮಗಳ ಮಗ" ಎಂದು ಹತ್ತಿರ ಕುಳಿತು ಹೇಳಿದರೆ ಸಾಕು.

## ಬಂಧುಗಳ ನಡುವೆ

ಕಾಯಿಲೆಯ ವಿಷಯವನ್ನು ಎಲ್ಲರಿಗೂ ಮೊದಲೇ ಹೇಳಬೇಕೇ?

ಎಷ್ಟು ಹೇಳಬೇಕೆಂಬುದನ್ನು ಕಾಯಿಲೆಯಲ್ಲಿರುವವರು ತೀರ್ಮಾನಿಸಲಿ. ತೀರ್ಮಾನಿಸಿದ ಮೇಲೆ ಒಬ್ಬರೇ, ಒಂದೇ ಬಗೆಯ ಮಾತುಗಳಲ್ಲಿ ಎಲ್ಲರಿಗೂ ಬರೆಯುವುದು ಮೇಲು, ಇಲ್ಲವಾದರೆ ಐದು ಮನೆಗಳಲ್ಲಿ ಐದು ಕಾಯಿಲೆಗಳಾಗುತ್ತವೆ. ತಲೆಗೂದಲು ಉದುರಿದೆ, ತೂಕ ಇಳಿದಿದೆ, ಮಾತು ನಿಧಾನವಾಗಿದೆ ಎಂಬ ಕಣ್ಣಿಗೆ ಕಾಣುವ ಬದಲಾವಣೆಗಳನ್ನು ಅದರಲ್ಲಿ ತಪ್ಪದೆ ಬರೆಯಿರಿ. ಬಾಗಿಲಲ್ಲಿ ಮೊದಲ ಬಾರಿ ನೋಡಿದವರ ಮುಖದಲ್ಲಿ ಮೂಡುವ ಗಾಬರಿ ಕಾಯಿಲೆಯವರ ಕಣ್ಣಿಗೆ ಬೀಳದಿರಲೆಂಬುದೇ ಆ ಪತ್ರದ ಮುಖ್ಯ ಉದ್ದೇಶ. ನೆಗಡಿ, ಕೆಮ್ಮು, ಜ್ವರ, ವಾಂತಿಭೇದಿ ಇರುವವರು ಮತ್ತು ಮೈಮೇಲೆ ಗುಳ್ಳೆ ಎದ್ದ ಮಕ್ಕಳು ಈ ಬಾರಿ ಬರಬಾರದೆಂದೂ ಅದರಲ್ಲೇ ನಯವಾಗಿ ಬರೆಯಬಹುದು. ರೋಗನಿರೋಧಕ ಶಕ್ತಿ ಕುಂದಿದವರು ಸೀತಾಳೆ ಸಿಡುಬಿನ ಮಗುವಿನ ಸಂಪರ್ಕಕ್ಕೆ ಬಂದರೆ ಗುಳ್ಳೆ ಏಳುವವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು.

ಎಲ್ಲರೂ ಸುತ್ತುಗಟ್ಟಿ ಮಾತನಾಡಿಸುತ್ತಾರೆ, ಅವರಿಗೆ ಆಯಾಸವಾಗುತ್ತದೆ. ಬೇಡವೆನ್ನುವುದು ಹೇಗೆ?

ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಶೌಚಾಲಯದ ಹತ್ತಿರ, ಮೆಟ್ಟಿಲಿಲ್ಲದ ಕಡೆ, ಇದನ್ನು ಮೊದಲೇ ಕೇಳಿಕೊಳ್ಳಿ. ನಾನೂ ತಂದೆಯವರೂ ಒಂದು ಸನ್ನೆಯನ್ನು ಗೊತ್ತುಮಾಡಿಕೊಂಡಿದ್ದೆವು: ಅವರು ಕನ್ನಡಕ ತೆಗೆದು ಜೇಬಿಗಿಟ್ಟರೆ ನಾನು "ಮಾತ್ರೆಯ ಹೊತ್ತಾಯಿತು" ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದೆ. ಯಾರಿಗೂ ಬೇಸರವಾಗಲಿಲ್ಲ, ಅವರು ದಣಿದೆನೆಂದು ಹೇಳಿಕೊಳ್ಳಬೇಕಾಗಲಿಲ್ಲ. ಗುಂಪಿನ ಫೋಟೋವನ್ನು ಕೊನೆಯ ದಿನಕ್ಕೆ ಇಡದೆ ಮೊದಲ ಬೆಳಿಗ್ಗೆಯೇ ತೆಗೆಯಿರಿ.

ಬಂದವರೆಲ್ಲ ಒಂದೊಂದು ಔಷಧಿ ಹೇಳುತ್ತಾರೆ. ಏನು ಉತ್ತರಿಸಲಿ?

"ಬರೆದುಕೊಳ್ಳುತ್ತೇನೆ, ವೈದ್ಯರನ್ನು ಕೇಳುತ್ತೇನೆ" ಎಂದು ನಿಜವಾಗಿಯೂ ಬರೆದುಕೊಳ್ಳಿ. ಕೇಳದೆ ಏನನ್ನೂ ಕೊಡಬೇಡಿ. ಗಿಡಮೂಲಿಕೆಗಳಲ್ಲೂ ರಕ್ತ ತಿಳಿಗೊಳಿಸುವ ಮಾತ್ರೆಯೊಂದಿಗೆ, ಕಿಮೊಥೆರಪಿಯೊಂದಿಗೆ ಹೊಂದದವು ಇವೆ.

ದೂರದಲ್ಲಿರುವ ಅಣ್ಣ ಬಂದೊಡನೆ ಚಿಕಿತ್ಸೆಯೇ ಸರಿಯಿಲ್ಲ ಎನ್ನುತ್ತಾನೆ. ವರ್ಷವಿಡೀ ನೋಡಿಕೊಂಡವಳು ನಾನು.

ಈ ಪತ್ರ ಬೇರೆ ಬೇರೆ ಕೈಬರಹಗಳಲ್ಲಿ ನನಗೆ ಬರುತ್ತಲೇ ಇರುತ್ತದೆ. ದೂರದಲ್ಲಿದ್ದವರು ಬದಲಾವಣೆಯನ್ನು ಒಮ್ಮೆಲೇ ನೋಡುತ್ತಾರೆ. ಹತ್ತಿರದಲ್ಲಿದ್ದವರು ದಿನಕ್ಕಿಷ್ಟರಂತೆ ನೋಡಿ ಅರಗಿಸಿಕೊಂಡಿರುತ್ತಾರೆ. ಅವನ ಕೋಪದಲ್ಲಿ ಅಪರಾಧಿ ಭಾವವೂ ಭಯವೂ ಬೆರೆತಿರುತ್ತವೆ. ಆದರೂ ನಿಮ್ಮ ದುಡಿಮೆಯ ಮೇಲೆ ಅದು ಬೀಳುವುದು ಅನ್ಯಾಯವೇ, ಅದನ್ನು ನುಂಗಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಎಲ್ಲರ ಎದುರು ವಾದಿಸದೆ ಒಂದು ಗಂಟೆಯನ್ನು ಇಬ್ಬರೇ ಕೂರಲು ಇಟ್ಟುಕೊಳ್ಳಿ, ವೈದ್ಯರ ಪತ್ರವನ್ನು ಅವನ ಕೈಗೆ ಕೊಡಿ, ಮುಂದಿನ ಭೇಟಿಯಲ್ಲಿ ವೈದ್ಯರೊಂದಿಗೆ ಫೋನಿನಲ್ಲಿ ಅವನೂ ಸೇರಲಿ ಎನ್ನಿ. ಆ ರಾತ್ರಿಯ ಆರೈಕೆಯನ್ನು ಅವನಿಗೆ ಒಪ್ಪಿಸಿ: ಎರಡು ಗಂಟೆಯ ಮಾತ್ರೆ, ಹಾಸಿಗೆಯ ಬದಲಾವಣೆ, ಮಗ್ಗುಲು ತಿರುಗಿಸುವುದು. ಅವನು ತಂದೆ ತಾಯಿಗೆ ಏನನ್ನಾದರೂ ಮಾಡಲು ಹಂಬಲಿಸಿ ಬಂದವನು. ಮಾಡಲು ಕೆಲಸ ಸಿಕ್ಕಿದಾಗ ಮಾತು ಬಹಳಷ್ಟು ಇಳಿಯುತ್ತದೆ. ಆ ಒಂದು ರಾತ್ರಿ ನೀವೂ ನಿದ್ರೆ ಮಾಡಿ, ಹಿಂದಿರುಗುವಾಗ ಕಾರು ಓಡಿಸಬೇಕಾದವರು ನೀವೇ ಆಗಿದ್ದರೆ ಅದು ಎಲ್ಲರ ಪ್ರಾಣದ ಪ್ರಶ್ನೆ.

## ಕಠಿಣ ಪ್ರಶ್ನೆಗಳು

ಅರ್ಧ ದಾರಿಯಲ್ಲಿ ಹಿಂದಿರುಗಬೇಕೆಂದು ತಿಳಿಯುವುದು ಹೇಗೆ?

ದಾರಿಯಲ್ಲಿ ಯೋಚಿಸಿದರೆ ತಿಳಿಯುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ "ಇನ್ನು ಸ್ವಲ್ಪವೇ ದೂರ" ಎಂಬ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಯಾವ ಲಕ್ಷಣ ಕಂಡರೆ ನಿಲ್ಲುತ್ತೇವೆ, ಯಾವುದು ಕಂಡರೆ ತಿರುಗುತ್ತೇವೆ ಎಂಬುದನ್ನು ಮನೆಯಲ್ಲೇ ಬರೆದು, ಕಾಯಿಲೆಯವರ ಒಪ್ಪಿಗೆ ಪಡೆದಿರಬೇಕು. ದಾರಿಯ ಪ್ರತಿ ಭಾಗದಲ್ಲೂ ಹತ್ತಿರದ ಆಸ್ಪತ್ರೆ ಯಾವುದೆಂದು ಗುರುತಿಸಿರಬೇಕು. ನಮ್ಮ ಮೂರನೆಯ ಪ್ರಯಾಣದಲ್ಲಿ ತಂದೆಯವರಿಗೆ ರಾತ್ರಿ ತಲೆಯನ್ನು ಎತ್ತರಿಸಿದರೂ ಮಲಗಲಾಗಲಿಲ್ಲ. ಚೀಟಿಯಲ್ಲಿ ಬರೆದುಕೊಂಡಿದ್ದ ಎರಡನೆಯ ಸಾಲು ಅದೇ ಆಗಿತ್ತು. ಬೆಳಗಾಗುವ ಮೊದಲೇ ಹತ್ತಿರದ ಆಸ್ಪತ್ರೆಗೆ ಹೋದೆವು, ಮೂರು ದಿನಗಳ ನಂತರ ಮನೆಗೆ ತಿರುಗಿದೆವು. ಅವರು ನೋಡಬೇಕೆಂದಿದ್ದ ತಂಗಿ ಮರುವಾರ ತಾವೇ ಮನೆಗೆ ಬಂದರು.

ಇದು ಅವರ ಕೊನೆಯ ಪ್ರಯಾಣವೆಂದು ಎಲ್ಲರಿಗೂ ಗೊತ್ತು. ಅದನ್ನು ಬಾಯಿಬಿಟ್ಟು ಹೇಳಬೇಕೇ?

ಅವರೇ ಆ ಮಾತೆತ್ತಿದರೆ "ಹಾಗೆಲ್ಲ ಮಾತನಾಡಬೇಡಿ" ಎಂದು ತಡೆಯಬೇಡಿ, ಇಷ್ಟೇ ನಾನು ಖಚಿತವಾಗಿ ಹೇಳಬಲ್ಲೆ. ಅವರು ಎತ್ತದಿದ್ದರೆ ಒತ್ತಾಯವೂ ಬೇಡ. ಹಳೆಯ ಮನಸ್ತಾಪವಿರುವ ಬಂಧುವನ್ನು ಅವರು ಕಾಣಬಯಸಿದರೆ ಉಳಿದವರನ್ನು ಹೊರಗೆ ಕಳಿಸಿ ಇಬ್ಬರನ್ನೇ ಬಿಡಿ. ಚಿಕ್ಕ ಮಕ್ಕಳಿಗೆ "ತಾತನ ಕಾಯಿಲೆ ವಾಸಿಯಾಗುವಂಥದ್ದಲ್ಲ, ನಿನ್ನಿಂದ ಬಂದದ್ದಲ್ಲ, ನಿನಗೆ ಅಂಟುವುದಿಲ್ಲ" ಎಂಬ ಮೂರು ಮಾತುಗಳು, ಅವು ನಿಜವಾಗಿರುವಾಗ, ಸಾಕಾಗುತ್ತವೆ. ತಾತ ನಿದ್ರೆ ಹೋಗುತ್ತಾರೆಂದು ಹೇಳಿದರೆ ಮಗು ನಿದ್ರೆಗೇ ಹೆದರುತ್ತದೆ.

ಪ್ರಯಾಣದಲ್ಲೇ ಸಾವು ಬಂದರೆ ಏನು ಮಾಡಬೇಕು?

ಕೇಳಲು ಸಂಕೋಚಪಟ್ಟು ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೇ. ಉಪಶಾಮಕ ಆರೈಕೆಯಲ್ಲಿ, ಅಂದರೆ ಕಾಯಿಲೆಯನ್ನು ವಾಸಿಮಾಡುವ ಬದಲು ನೋವು, ಸಂಕಟ ಕಡಿಮೆ ಮಾಡುವ ಆರೈಕೆಯಲ್ಲಿರುವವರಾದರೆ, ಸಾವು ನಿರೀಕ್ಷಿತವೆಂದೂ ಕೃತಕ ಉಸಿರಾಟದಂಥ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದೂ ತಿಳಿಸುವ ಸಹಿ ಮಾಡಿದ ಕಾಗದ ಜೊತೆಗಿರಲಿ. ಅದಿಲ್ಲದಿದ್ದರೆ ಆಂಬುಲೆನ್ಸಿನವರು ತಮ್ಮ ಕರ್ತವ್ಯದಂತೆ ಎಲ್ಲವನ್ನೂ ಮಾಡುತ್ತಾರೆ. ತಲುಪುವ ಊರಿನಲ್ಲಿ ಮನೆಗೆ ಬಂದು ನೋಡಬಲ್ಲ ಒಬ್ಬ ವೈದ್ಯರೊಂದಿಗೆ ಮೊದಲೇ ಮಾತನಾಡಿರಿ. ಸಾವನ್ನು ವೈದ್ಯರು ದೃಢೀಕರಿಸುವ ಮುನ್ನ ದೇಹವನ್ನು ನಿಮ್ಮ ಕಾರಿನಲ್ಲಿ ಊರಿಗೆ ತರಲು ಹೊರಡಬೇಡಿ, ದಾರಿಯಲ್ಲಿ ತನಿಖೆಗೆ ಸಿಕ್ಕಿಕೊಳ್ಳುತ್ತೀರಿ. ಸಾಗಿಸುವ ನಿಯಮಗಳು ಗಡಿಯಿಂದ ಗಡಿಗೆ ಬೇರೆಯಾಗುವುದರಿಂದ ಆ ಊರಿನ ಬಂಧುವೊಬ್ಬರು ಅವನ್ನು ಮುಂಚೆಯೇ ವಿಚಾರಿಸಿಟ್ಟಿರಲಿ. ಗುರುತಿನ ಚೀಟಿ, ವೈದ್ಯರ ಪತ್ರ, ಈ ಕಾಗದ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ಲಕೋಟೆ ಎಲ್ಲಿದೆಯೆಂದು ಕಾರಿನಲ್ಲಿರುವ ಇಬ್ಬರಿಗಾದರೂ ತಿಳಿಸಿರಿ.